ಸ್ಟ್ಯಾಂಡಿಂಗ್ ಚಾರ್ಜ್ ಏರ್ತಾನೇ ಇದೆ, ಕರೆಂಟು-ಗ್ಯಾಸ್ ರೇಟ್ ಫಿಕ್ಸ್ ಮಾಡಿಸಬೇಕಾ? ಬ್ರಿಟನ್ನಿನ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಸಂಕ್ರಾಂತಿಗೆ ಎಳ್ಳು-ಬೆಲ್ಲ ಕೊಡಲು ಬಂದವರು ಹೊರಡುವ ಹೊತ್ತಿಗೆ ಬಾಗಿಲಲ್ಲಿ ನಿಂತು ಕೇಳುವುದು ಒಂದೇ ಮಾತು: "ಅಕ್ಕಾ, ಫಿಕ್ಸ್ ಮಾಡಿಸಿದ್ರಾ?" ಅಂದ್ರೆ ಒಂದೆರಡು ವರ್ಷಕ್ಕೆ ದರ ಬದಲಾಗದಂತೆ ಕಟ್ಟಿಹಾಕುವ ಪ್ಲಾನ್ ಹಿಡಿದಿರಾ ಅಂತ. ಫೋನಿನಲ್ಲೂ ಅದೇ, ಪತ್ರದಲ್ಲೂ ಅದೇ. ಒಬ್ಬೊಬ್ಬರಿಗೂ ಹೇಳಿದ್ದನ್ನೇ ಹೇಳಿ ಸಾಕಾಗಿ ಇಲ್ಲಿ ಒಟ್ಟು ಮಾಡಿದ್ದೇನೆ. ಲೆಕ್ಕಗಳೆಲ್ಲ 2026ರ ಜನವರಿಯಿಂದ ಮಾರ್ಚ್‌ವರೆಗಿನ ಪ್ರೈಸ್ ಕ್ಯಾಪ್ (ಇಂಧನ ನಿಯಂತ್ರಕ ಆಫ್‌ಜೆಮ್ ಹಾಕುವ ದರದ ಮಿತಿ) ಮೇಲೆ, ಡೈರೆಕ್ಟ್ ಡೆಬಿಟ್ ಕಟ್ಟುವವರ ಸರಾಸರಿ ದರದಲ್ಲಿ ಹಾಕಿದ್ದು. ಇದು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗೆ ಮಾತ್ರ. ಉತ್ತರ ಐರ್ಲೆಂಡ್‌ಗೆ ಈ ಕ್ಯಾಪ್ ಇಲ್ಲ, ಅಲ್ಲಿನ ವ್ಯವಸ್ಥೆ ಬೇರೆ.

## ಮೊದಲು ತಿಳಿಯಬೇಕಾದದ್ದು

ಸ್ಟ್ಯಾಂಡಿಂಗ್ ಚಾರ್ಜ್ ಅಂದ್ರೆ ಏನು? ಸ್ವಿಚ್ಚೇ ಹಾಕದಿದ್ರೂ ಯಾಕೆ ಕೊಡಬೇಕು?

ದಿನಕ್ಕಿಷ್ಟು ಅಂತ ಬೀಳುವ ದುಡ್ಡು. ಕರೆಂಟಿಗೆ ಒಂದು, ಗ್ಯಾಸಿಗೆ ಒಂದು. ನೀವು ಬಳಸಿದ ಯೂನಿಟ್‌ಗೂ (ಕರೆಂಟಾಗಲಿ ಗ್ಯಾಸಾಗಲಿ, ಒಂದು ಕಿಲೋವ್ಯಾಟ್-ಅವರ್) ಇದಕ್ಕೂ ಸಂಬಂಧವಿಲ್ಲ. ಕಂಬ, ತಂತಿ, ನೆಲದಡಿಯ ಪೈಪು, ಮೀಟರು, ಬಿಲ್ ಮಾಡುವ ಖರ್ಚು, ಜೊತೆಗೆ ಸರ್ಕಾರದ ಕೆಲವು ಯೋಜನೆಗಳ ಪಾಲು ಇದರಲ್ಲಿ ಸೇರಿದೆ.

2026ರ ಜನವರಿಯ ಕ್ಯಾಪ್‌ನಲ್ಲಿ ಕರೆಂಟಿಗೆ ದಿನಕ್ಕೆ 54.75 ಪೆನ್ಸ್, ಗ್ಯಾಸಿಗೆ 35.09 ಪೆನ್ಸ್. ಎರಡೂ ಸೇರಿ 89.84 ಪೆನ್ಸ್. ವರ್ಷಕ್ಕೆ ಸುಮಾರು 328 ಪೌಂಡ್. ಒಂದು ದೀಪ ಹಚ್ಚುವ ಮುಂಚೆಯೇ ಇಷ್ಟು ಹೋಗಿರುತ್ತದೆ.

ಊರಲ್ಲಿ ಬೆಸ್ಕಾಂ ಬಿಲ್ಲಿನ ನಿಗದಿತ ಶುಲ್ಕಾನೂ ಇದೂ ಒಂದೇನಾ?

ಜಾತಿ ಒಂದೇ, ಅಳತೆ ಬೇರೆ. ಅಲ್ಲಿ ನಿಮ್ಮ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ನೋಡಿ ತಿಂಗಳಿಗೆ ಹಾಕುತ್ತಾರೆ. ಇಲ್ಲಿ ಒಂದು ರೂಮಿನ ಫ್ಲಾಟ್ ಆದರೂ ಐದು ಬೆಡ್‌ರೂಮಿನ ಬಂಗಲೆ ಆದರೂ ಒಂದೇ ಪ್ರದೇಶದಲ್ಲಿ, ಒಂದೇ ಪ್ಲಾನ್‌ನಲ್ಲಿ ಇದ್ದರೆ ದಿನಕ್ಕೆ ಒಂದೇ ದರ. ಚಿಕ್ಕ ಮನೆಯವರ ಹೊಟ್ಟೆ ಉರಿಯುವುದು ಇದಕ್ಕೇ, ಮತ್ತು ಅದರಲ್ಲಿ ನ್ಯಾಯ ಇದೆ.

ಒಂದು ಸ್ವಾರಸ್ಯ ನೋಡಿ. ಕರ್ನಾಟಕದಲ್ಲೂ 2025ರಲ್ಲಿ ಇದೇ ಆಯಿತು. ಮನೆಗಳ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 120 ರೂಪಾಯಿ ಇದ್ದದ್ದು 145 ಆಯಿತು, ಯೂನಿಟ್ ದರ 5.90 ಇದ್ದದ್ದು 5.80ಕ್ಕೆ ಇಳಿಯಿತು. ಆದರೆ ಅಲ್ಲಿ ನಮಗೆ ಆಯ್ಕೆ ಇಲ್ಲ, ಆಯೋಗ ಹೇಳಿದ್ದೇ ದರ. ಇಲ್ಲಿ ಸಪ್ಲೈಯರನ್ನೂ ಪ್ಲಾನನ್ನೂ ನಾವೇ ಆರಿಸಬೇಕು. ತಲೆನೋವು ಶುರುವಾಗುವುದೇ ಅಲ್ಲಿ.

ಪ್ರೈಸ್ ಕ್ಯಾಪ್ 1,758 ಪೌಂಡ್ ಅಂತಾರೆ. ಅದಕ್ಕಿಂತ ಜಾಸ್ತಿ ಬಿಲ್ ಬರಲ್ಲ ಅಲ್ವಾ?

ಬರುತ್ತದೆ! ಎಲ್ಲರೂ ಎಡವುವ ಜಾಗ ಇದು. ಆಫ್‌ಜೆಮ್ ಮಿತಿ ಹಾಕುವುದು ಒಂದು ಯೂನಿಟ್‌ನ ದರಕ್ಕೆ ಮತ್ತು ದಿನದ ಸ್ಟ್ಯಾಂಡಿಂಗ್ ಚಾರ್ಜ್‌ಗೆ. ನಿಮ್ಮ ಒಟ್ಟು ಬಿಲ್ಲಿಗೆ ಅಲ್ಲ. 1,758 ಅನ್ನುವುದು ವರ್ಷಕ್ಕೆ 2,700 ಯೂನಿಟ್ ಕರೆಂಟು, 11,500 ಯೂನಿಟ್ ಗ್ಯಾಸ್ ಬಳಸುವ ಒಂದು "ಸರಾಸರಿ" ಮನೆಯ ಲೆಕ್ಕ. ನಿಮ್ಮ ಮನೆ ಅದಲ್ಲ. ನಮ್ಮದೂ ಅಲ್ಲ. ದಿನಾ ಎರಡು ಹೊತ್ತು ಕುಕ್ಕರ್ ಕೂಗುವ ಮನೆಗೂ ಫ್ರೋಜನ್ ಪಿಜ್ಜಾ ಬೇಯಿಸುವ ಮನೆಗೂ ಒಂದೇ ಸರಾಸರಿ ಹೇಗೆ ಹೊಂದೀತು?

ಫಿಕ್ಸ್ ಮಾಡಿಸಿದ್ರೆ ತಿಂಗಳ ಬಿಲ್ ಫಿಕ್ಸ್ ಆಗುತ್ತಾ?

ಇಲ್ಲ. ದರ ಫಿಕ್ಸ್ ಆಗುತ್ತದೆ, ಬಿಲ್ ಅಲ್ಲ. ತಿಂಗಳಿಗೆ ಹೋಗುವ ಡೈರೆಕ್ಟ್ ಡೆಬಿಟ್ ಕೂಡ ಸಪ್ಲೈಯರ್ ಮಾಡಿದ ಅಂದಾಜು, ಅಷ್ಟೇ. ಜಾಸ್ತಿ ಬಳಸಿದರೆ ಬಾಕಿ ಬೆಳೆಯುತ್ತದೆ, ಆಮೇಲೆ ಡೆಬಿಟ್ ಏರಿಸುತ್ತಾರೆ. ಕಡಿಮೆ ಬಳಸಿದರೆ ನಿಮ್ಮ ದುಡ್ಡು ಅವರ ಹತ್ತಿರ ಜಮಾ ಆಗಿ ಕೂತಿರುತ್ತದೆ. ಅದನ್ನು ವಾಪಸ್ ಕೇಳಬಹುದು, ಸಂಕೋಚ ಬೇಡ.

ನಾನು ಯಾವತ್ತೂ ಏನೂ ಆರಿಸಿಲ್ಲ. ಹಾಗಾದ್ರೆ ಈಗ ಯಾವ ಪ್ಲಾನ್‌ನಲ್ಲಿದ್ದೀನಿ?

ಬಹುಶಃ ಸ್ಟ್ಯಾಂಡರ್ಡ್ ವೇರಿಯಬಲ್‌ನಲ್ಲಿ. ಮನೆಗೆ ಬಂದು ಬೀಗ ತೆಗೆದ ದಿನದಿಂದ ಹಿಂದಿನವರ ಸಪ್ಲೈಯರೇ ಮುಂದುವರಿದಿರುತ್ತಾರೆ. ಕ್ಯಾಪ್ ಕಾಯುವುದು ಇಂಥ ಪ್ಲಾನ್‌ಗಳನ್ನು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1ಕ್ಕೆ ದರ ಬದಲಾಗುತ್ತದೆ. ಇದು ಮೋಸದ ಪ್ಲಾನ್ ಏನಲ್ಲ. ಯಾವಾಗ ಬೇಕಾದರೂ ದಂಡವಿಲ್ಲದೆ ಬಿಡಬಹುದು. ಆದರೆ ಮಾರುಕಟ್ಟೆಯಲ್ಲಿ ಇದಕ್ಕಿಂತ ಅಗ್ಗದ ಫಿಕ್ಸ್ ಇರುವಾಗ ಸುಮ್ನೆ ಕೂತರೆ ನಷ್ಟ ನಿಮ್ಮದೇ.

## ಲೆಕ್ಕದ ಭಾಗ

2021ರಲ್ಲಿ ಇಷ್ಟಿರಲಿಲ್ಲವಲ್ಲ. ಸ್ಟ್ಯಾಂಡಿಂಗ್ ಚಾರ್ಜ್ ಇಷ್ಟೊಂದು ಏರಿದ್ದು ಯಾಕೆ?

ನಿಮ್ಮ ನೆನಪು ಸರಿ. 2021ರ ಅಕ್ಟೋಬರ್‌ನಲ್ಲಿ ಕರೆಂಟಿನ ಸ್ಟ್ಯಾಂಡಿಂಗ್ ಚಾರ್ಜ್ ದಿನಕ್ಕೆ ಸುಮಾರು 25 ಪೆನ್ಸ್. 2022ರ ಏಪ್ರಿಲ್‌ನಲ್ಲಿ ಒಂದೇ ಏಟಿಗೆ 45 ಪೆನ್ಸ್ ಆಯಿತು. 2024ರ ಏಪ್ರಿಲ್‌ನಲ್ಲಿ 60 ಮುಟ್ಟಿ, ಆಮೇಲೆ ಸ್ವಲ್ಪ ಇಳಿದು, 2026ರ ಜನವರಿಗೆ ಮತ್ತೆ 55ರ ಹತ್ತಿರ ಬಂತು.

ಕಾರಣ ಒಂದಲ್ಲ. ತಂತಿ-ಕಂಬಗಳ ಖರ್ಚಿನ ಒಂದು ಪಾಲನ್ನು ಮೊದಲು ಯೂನಿಟ್ ಲೆಕ್ಕದಲ್ಲಿ ವಸೂಲು ಮಾಡುತ್ತಿದ್ದರು. ಅದನ್ನು 2022ರಿಂದ ದಿನದ ಲೆಕ್ಕಕ್ಕೆ ತಂದರು. ಸೋಲಾರ್ ಹಾಕಿಸಿಕೊಂಡವರು ಯೂನಿಟ್ ಕಡಿಮೆ ಕೊಂಡು ಜಾಲದ ಖರ್ಚಿನಿಂದ ತಪ್ಪಿಸಿಕೊಳ್ಳಬಾರದು ಅನ್ನುವುದು ಅದರ ಹಿಂದಿನ ಒಂದು ವಾದ. ಅದೇ ಹೊತ್ತಿಗೆ ಗ್ಯಾಸ್ ಬೆಲೆ ಹಾರಿ ಸುಮಾರು 30 ಸಪ್ಲೈಯರ್‌ಗಳು ಬಾಗಿಲು ಹಾಕಿದರು. ಅವರ ಗ್ರಾಹಕರನ್ನು ಬೇರೆಯವರಿಗೆ ಒಪ್ಪಿಸಿದ ಖರ್ಚೂ ಎಲ್ಲರ ಸ್ಟ್ಯಾಂಡಿಂಗ್ ಚಾರ್ಜ್ ಮೇಲೆ ಬಿತ್ತು.

2025ರ ಅಕ್ಟೋಬರ್‌ನಲ್ಲಿ ಗ್ಯಾಸಿನ ಸ್ಟ್ಯಾಂಡಿಂಗ್ ಚಾರ್ಜ್ 29.82ರಿಂದ 34.03 ಪೆನ್ಸ್‌ಗೆ ಜಿಗಿಯಿತು. ಆಗ ಮುಖ್ಯ ಕಾರಣ ವಾರ್ಮ್ ಹೋಮ್ ಡಿಸ್ಕೌಂಟ್. ಆದಾಯ ನೋಡಿ ಕೊಡುವ ಬೆನಿಫಿಟ್ ಪಡೆಯುವ ಎಲ್ಲ ಮನೆಗಳಿಗೂ 150 ಪೌಂಡ್ ರಿಯಾಯಿತಿಯನ್ನು ವಿಸ್ತರಿಸಿದರು. ವರ್ಕ್ ವೀಸಾದಲ್ಲಿ ಇರುವ ನಮ್ಮವರಿಗೆ ಆ ಬೆನಿಫಿಟ್‌ಗಳು ಸಿಗುವುದಿಲ್ಲ, ಆದರೆ ಪಾಲು ಕೊಡುತ್ತೇವೆ. ನನಗೇನೂ ಬೇಸರವಿಲ್ಲ. ಚಳಿಯಲ್ಲಿ ಹೀಟಿಂಗ್ ಆರಿಸಿ ಕಂಬಳಿ ಹೊದ್ದು ಕೂರುವ ಅಜ್ಜಿಯರನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ.

ಮುಂದೆಯೂ ಇಳಿಯುವ ಸೂಚನೆ ಕಾಣುವುದಿಲ್ಲ. ಜಾಲ ಬಲಪಡಿಸಲು 28 ಶತಕೋಟಿ ಪೌಂಡ್ ಹೂಡಿಕೆಗೆ ಆಫ್‌ಜೆಮ್ 2025ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. 2026ರ ಏಪ್ರಿಲ್‌ನಿಂದ ಶುರು.

ಫಿಕ್ಸ್ ಮಾಡಿಸಿದ್ರೆ ಸ್ಟ್ಯಾಂಡಿಂಗ್ ಚಾರ್ಜ್ ಏರೋದೂ ನಿಲ್ಲುತ್ತಾ?

ಸಾಮಾನ್ಯ ಫಿಕ್ಸ್‌ನಲ್ಲಿ ಯೂನಿಟ್ ದರವೂ ಸ್ಟ್ಯಾಂಡಿಂಗ್ ಚಾರ್ಜೂ ಎರಡೂ ಒಪ್ಪಂದ ಮುಗಿಯುವವರೆಗೆ ಹಾಗೇ ಇರುತ್ತವೆ. ಅಷ್ಟರ ಮಟ್ಟಿಗೆ ನೆಮ್ಮದಿ.

ಆದರೆ ಕ್ಯಾಪ್ ಇರುವುದು ವೇರಿಯಬಲ್ ಪ್ಲಾನ್‌ಗೆ, ಫಿಕ್ಸ್‌ಗೆ ಅಲ್ಲ. ಫಿಕ್ಸ್‌ನಲ್ಲಿ ಸಪ್ಲೈಯರ್ ಸ್ಟ್ಯಾಂಡಿಂಗ್ ಚಾರ್ಜನ್ನು ಕ್ಯಾಪ್‌ಗಿಂತ ಮೇಲೆ ಇಡಬಹುದು. ಯೂನಿಟ್ ದರ ಇಳಿಸಿ ದೊಡ್ಡ ಅಕ್ಷರದಲ್ಲಿ ತೋರಿಸಿ, ಏರಿಸಿದ ಸ್ಟ್ಯಾಂಡಿಂಗ್ ಚಾರ್ಜನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಬರೆಯುವುದನ್ನು ನೋಡಿದ್ದೇನೆ. ತರಕಾರಿ ಅಗ್ಗ ಅಂತ ಹೋದರೆ ಚೀಲಕ್ಕೆ ದುಡ್ಡು ಕೇಳಿದ ಹಾಗೆ.

ಲೆಕ್ಕ ಹೇಗೆ ಹಾಕೋದು? ಒಂದು ಉದಾಹರಣೆ ಕೊಡಿ ಅಕ್ಕಾ.

ಕರೆಂಟನ್ನೇ ತೆಗೆದುಕೊಳ್ಳೋಣ. ಕ್ಯಾಪ್ ದರ ಯೂನಿಟ್‌ಗೆ 27.69 ಪೆನ್ಸ್, ದಿನಕ್ಕೆ 54.75 ಪೆನ್ಸ್. ಈಗ ಒಂದು ಫಿಕ್ಸ್ ಬಂದಿದೆ ಅಂದುಕೊಳ್ಳಿ: ಯೂನಿಟ್‌ಗೆ 25.5, ದಿನಕ್ಕೆ 65. ಇದು ನಾನು ಉದಾಹರಣೆಗೆ ಇಟ್ಟ ಅಂಕಿ, ಯಾವ ಕಂಪನಿಯದ್ದೂ ಅಲ್ಲ.

"ಸರಾಸರಿ" ಮನೆ, 2,700 ಯೂನಿಟ್. ಕ್ಯಾಪ್‌ನಲ್ಲಿ ವರ್ಷಕ್ಕೆ 947 ಪೌಂಡ್, ಫಿಕ್ಸ್‌ನಲ್ಲಿ 926. ಜಾಹೀರಾತಿನಲ್ಲಿ "21 ಪೌಂಡ್ ಉಳಿಸಿ" ಅಂತ ಬರುತ್ತದೆ. ಸುಳ್ಳೇನಲ್ಲ.

ಈಗ ಇಬ್ಬರೇ ಇರುವ ಸಣ್ಣ ಫ್ಲಾಟ್, 1,500 ಯೂನಿಟ್. ಕ್ಯಾಪ್‌ನಲ್ಲಿ 615 ಪೌಂಡ್, ಫಿಕ್ಸ್‌ನಲ್ಲಿ 620. ಉಳಿತಾಯ ಹೋಗಿ ನಷ್ಟ ಬಂತು. ದಿನವಿಡೀ ಆಫೀಸಿನಲ್ಲಿದ್ದು 1,000 ಯೂನಿಟ್ ಮಾತ್ರ ಬಳಸುವ ಒಬ್ಬಂಟಿ ಹುಡುಗನಿಗೆ ನಷ್ಟ ಸುಮಾರು 15 ಪೌಂಡ್. ಅದೇ 4,000 ಯೂನಿಟ್ ಸುಡುವ ದೊಡ್ಡ ಸಂಸಾರಕ್ಕೆ 50 ಪೌಂಡ್ ಲಾಭ.

ಒಂದೇ ಪ್ಲಾನ್, ಮನೆ ಬೇರೆ, ಉತ್ತರ ಬೇರೆ. ಗೆಳೆಯ ಫಿಕ್ಸ್ ಮಾಡಿಸಿದ ಅಂತ ನೀವೂ ಮಾಡಿಸಬೇಡಿ ಎಂದು ನಾನು ಬಡಕೊಳ್ಳುವುದು ಇದಕ್ಕೇ.

ಎರಡರ ನಡುವಿನ ಗಡಿ ಕಂಡುಹಿಡಿಯುವುದೂ ಸುಲಭ. ಸ್ಟ್ಯಾಂಡಿಂಗ್ ಚಾರ್ಜ್‌ನಲ್ಲಿ ಜಾಸ್ತಿ ಆದದ್ದು ದಿನಕ್ಕೆ 10.25 ಪೆನ್ಸ್, ವರ್ಷಕ್ಕೆ 37.41 ಪೌಂಡ್. ಯೂನಿಟ್‌ನಲ್ಲಿ ಉಳಿಯುವುದು 2.19 ಪೆನ್ಸ್. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಸುಮಾರು 1,700 ಯೂನಿಟ್ ಬಂತು. ಅದಕ್ಕಿಂತ ಕಡಿಮೆ ಬಳಸುವವರಿಗೆ ಈ ಫಿಕ್ಸ್ ಬೇಡ, ಜಾಸ್ತಿ ಬಳಸುವವರಿಗೆ ಯೋಚಿಸಬಹುದು. ಗ್ಯಾಸಿಗೂ ಹೀಗೇ ಬೇರೆಯಾಗಿ ಮಾಡಿ, ಎರಡನ್ನೂ ಕೂಡಿಸಿ.

ನನ್ನ ವರ್ಷದ ಯೂನಿಟ್ ಎಷ್ಟು ಅಂತ ಎಲ್ಲಿ ಸಿಗುತ್ತೆ?

ಬಿಲ್ಲಿನಲ್ಲೇ ಇರುತ್ತದೆ, ಆ್ಯಪ್‌ನಲ್ಲೂ ಇರುತ್ತದೆ. ಆದರೆ ಅದು ಮೀಟರ್ ನೋಡಿ ಬರೆದದ್ದೋ ಅಂದಾಜೋ ಅಂತ ನೋಡಿ. ನಮ್ಮ ಮನೆಯಲ್ಲಿ ಒಂದು ವರ್ಷ ಪೂರ್ತಿ ಅಂದಾಜಿನಲ್ಲೇ ಬಿಲ್ ಬಂತು, ನಾನೂ ಗಮನಿಸಲಿಲ್ಲ. ಆ ತಪ್ಪು ಅಂಕಿ ಇಟ್ಟುಕೊಂಡು ಹೋಲಿಸಿ ತಪ್ಪು ಪ್ಲಾನ್ ಹಿಡಿದೆ. ಗ್ಯಾಸ್ ಮೀಟರ್ ತೋರಿಸುವುದು ಘನ ಮೀಟರ್ ಆದರೆ ಅದನ್ನು 11ರಿಂದ ಗುಣಿಸಿ, ಹತ್ತಿರತ್ತಿರ ಯೂನಿಟ್ ಲೆಕ್ಕ ಸಿಗುತ್ತದೆ.

ತಂಗಿ ಲಂಡನ್‌ನಲ್ಲಿ, ನಾವು ಲಿವರ್‌ಪೂಲ್‌ನಲ್ಲಿ. ಅವಳಿಗೆ ಕಡಿಮೆ, ನಮಗೆ ಜಾಸ್ತಿ. ಮೋಸ ಅಲ್ವಾ?

ಮೋಸ ಅಲ್ಲ, ಭೂಗೋಳ. ದೇಶವನ್ನು 14 ಪ್ರದೇಶ ಮಾಡಿದ್ದಾರೆ. ಲಂಡನ್‌ನಲ್ಲಿ ಒತ್ತೊತ್ತಾಗಿ ಮನೆಗಳು, ಒಂದು ತಂತಿಗೆ ಜನ ಜಾಸ್ತಿ, ಹಾಗಾಗಿ ಕರೆಂಟಿನ ಸ್ಟ್ಯಾಂಡಿಂಗ್ ಚಾರ್ಜ್ ಕಡಿಮೆ. ನಿಮ್ಮ ಲಿವರ್‌ಪೂಲ್ ಸೇರುವ ಉತ್ತರ ವೇಲ್ಸ್-ಮರ್ಸಿಸೈಡ್ ಜಾಸ್ತಿ ಇರುವ ಕಡೆಗಳಲ್ಲಿ ಒಂದು. ಹೋಲಿಸುವಾಗ ನಿಮ್ಮ ಪೋಸ್ಟ್‌ಕೋಡ್ ಹಾಕಿ ಬಂದ ದರವನ್ನೇ ಹಿಡಿಯಿರಿ, ತಂಗಿ ಕಳಿಸಿದ ಸ್ಕ್ರೀನ್‌ಶಾಟ್ ಬೇಡ.

ಮಕ್ಕಳ ರಜೆಗೆ ಆರು ವಾರ ಊರಿಗೆ ಹೋಗ್ತೀವಿ. ಆಗಲೂ ಬೀಳುತ್ತಾ?

ಬೀಳುತ್ತದೆ. 42 ದಿನಕ್ಕೆ ಸುಮಾರು 38 ಪೌಂಡ್. ಫ್ರಿಡ್ಜ್ ಖಾಲಿ ಮಾಡಿ ಆರಿಸಿ ಹೋದರೂ ಅಷ್ಟೇ. ತಾತ್ಕಾಲಿಕವಾಗಿ ನಿಲ್ಲಿಸುವ ದಾರಿ ಇಲ್ಲ.

## ಫಿಕ್ಸ್ ಒತ್ತುವ ಮುಂಚೆ

ಫಿಕ್ಸ್ ಮಾಡಿಸಿದ ಮಾರನೇ ತಿಂಗಳೇ ರೇಟ್ ಇಳಿದ್ರೆ?

ಮೊದಲ 14 ದಿನದಲ್ಲಿ ಮನಸ್ಸು ಬದಲಿಸಿದರೆ ಏನೂ ಕೊಡಬೇಕಾಗಿಲ್ಲ. ಆಮೇಲೆ ಬಿಡಬೇಕಾದರೆ ಎಕ್ಸಿಟ್ ಫೀ. ಕೆಲವು ಪ್ಲಾನ್‌ಗಳಲ್ಲಿ ಇದು ಇರುವುದೇ ಇಲ್ಲ. ಇರುವಲ್ಲಿ 25, 50, 75 ಪೌಂಡ್ ಹೀಗೆ, ಅದೂ ಕರೆಂಟಿಗೆ ಬೇರೆ, ಗ್ಯಾಸಿಗೆ ಬೇರೆ. 50 ಅಂತ ನೋಡಿ 100 ಕೊಟ್ಟವರು ಬಹಳ ಜನ.

ಒಪ್ಪಂದದ ಕೊನೆಯ 49 ದಿನಗಳಲ್ಲಿ ಎಕ್ಸಿಟ್ ಫೀ ಕೇಳುವ ಹಾಗಿಲ್ಲ. ಇದು ನಿಯಮ. ಅದೇ ಸಪ್ಲೈಯರ್‌ನ ಬೇರೆ ಪ್ಲಾನ್‌ಗೆ ಹೋದರೆ ಕೆಲವರು ಮಧ್ಯದಲ್ಲೂ ಮನ್ನಾ ಮಾಡುತ್ತಾರೆ, ಫೋನ್ ಮಾಡಿ ಕೇಳಿ.

ನನ್ನ ಮಾತು ಕೇಳುವುದಾದರೆ, ಎರಡು ಫಿಕ್ಸ್‌ಗಳ ನಡುವೆ ವರ್ಷಕ್ಕೆ ಹತ್ತು-ಹದಿನೈದು ಪೌಂಡ್ ವ್ಯತ್ಯಾಸ ಮಾತ್ರ ಇದ್ದರೆ ಎಕ್ಸಿಟ್ ಫೀ ಇಲ್ಲದ್ದನ್ನೇ ಹಿಡಿಯಿರಿ. ಬಾಗಿಲು ತೆರೆದಿರುವ ಮನೆಗೆ ಅಷ್ಟು ಬಾಡಿಗೆ ಜಾಸ್ತಿ ಕೊಡಬಹುದು.

ಮುಂದಿನ ಕ್ಯಾಪ್ ಏರುತ್ತಾ ಇಳಿಯುತ್ತಾ, ನೀವೇ ಹೇಳಿಬಿಡಿ!

ನನಗೆ ಗೊತ್ತಿದ್ದರೆ ಈ ಕೆಲಸ ಬಿಟ್ಟು ಗ್ಯಾಸ್ ವ್ಯಾಪಾರ ಮಾಡುತ್ತಿದ್ದೆ.

ಕಾರ್ನ್‌ವಾಲ್ ಇನ್‌ಸೈಟ್ ಎಂಬ ಸಂಸ್ಥೆ ಮುಂದಿನ ಕ್ಯಾಪ್‌ನ ಅಂದಾಜು ಕೊಡುತ್ತದೆ. ಹತ್ತಿರದ ಮೂರು ತಿಂಗಳ ಅಂದಾಜು ಸಾಮಾನ್ಯವಾಗಿ ಹತ್ತಿರವೇ ಇರುತ್ತದೆ, ಏಕೆಂದರೆ ಆಫ್‌ಜೆಮ್ ಲೆಕ್ಕ ಹಾಕುವ ರೀತಿ ಎಲ್ಲರಿಗೂ ಗೊತ್ತು, ಸಗಟು ಬೆಲೆಯೂ ಕಣ್ಣ ಮುಂದೆ ಇರುತ್ತದೆ. ಒಂದು ವರ್ಷ ಆಚೆಯದು ಪಂಚಾಂಗದ ಮಳೆಯ ಹಾಗೆ. ಆಫ್‌ಜೆಮ್ ಹೊಸ ಕ್ಯಾಪ್ ಪ್ರಕಟಿಸುವುದು ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ಕೊನೆಯಲ್ಲಿ.

2022 ಮರೆಯುವ ಹಾಗಿಲ್ಲ. ಅಕ್ಟೋಬರ್‌ನಿಂದ ಕ್ಯಾಪ್ 3,549 ಪೌಂಡ್ ಆಗುತ್ತದೆ ಅಂತ ಆಗಸ್ಟ್‌ನಲ್ಲಿ ಹೇಳಿದಾಗ ಗಾಬರಿಯಾಗಿ ಸಿಕ್ಕ ಸಿಕ್ಕ ಫಿಕ್ಸ್ ಹಿಡಿದವರಿದ್ದರು. ಸೆಪ್ಟೆಂಬರ್ 8ಕ್ಕೆ ಸರ್ಕಾರ ಅಡ್ಡ ಬಂದು ಸರಾಸರಿ ಮನೆಗೆ 2,500 ಪೌಂಡ್ ಮಟ್ಟದಲ್ಲಿ ದರ ಹಿಡಿದಿಟ್ಟಿತು. ಫಿಕ್ಸ್‌ನಲ್ಲಿದ್ದವರಿಗೂ ಯೂನಿಟ್ ಮೇಲೆ ರಿಯಾಯಿತಿ ಸಿಕ್ಕಿತು, ಹಾಗಾಗಿ ಪೂರ್ತಿ ಮುಳುಗಲಿಲ್ಲ. 2023ರ ಜುಲೈಗೆ ಕ್ಯಾಪ್ 2,074ಕ್ಕೆ ಇಳಿಯಿತು. ಆಗ ಹಳೆಯ ಫಿಕ್ಸ್‌ನಲ್ಲಿ ಸಿಕ್ಕಿಕೊಂಡವರ ಮುಖ ನೋಡಬೇಕಿತ್ತು. ಇನ್ನೊಂದು ಕಡೆ, 2021ರ ಬೇಸಿಗೆಯಲ್ಲಿ ಯಾವ ಯೋಚನೆಯೂ ಇಲ್ಲದೆ ಎರಡು ವರ್ಷಕ್ಕೆ ಫಿಕ್ಸ್ ಮಾಡಿಸಿದ ನಮ್ಮ ಪಕ್ಕದ ಮನೆಯವರು ಇಡೀ ಬಿರುಗಾಳಿಯನ್ನು ಟಿವಿಯಲ್ಲಿ ನೋಡಿದರು. ಜಾಣತನ ಅಲ್ಲ, ಅದೃಷ್ಟ. ಅವರೇ ಒಪ್ಪಿಕೊಳ್ಳುತ್ತಾರೆ.

ಹಾಗಾಗಿ ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಚಳಿಗಾಲದಲ್ಲಿ ದರ ತಟ್ಟನೆ ಏರಿದರೆ ಮನೆ ಬಜೆಟ್ ತಡೆಯುತ್ತದಾ? ನರ್ಸರಿ ಫೀ, ವೀಸಾ ಫೀ, ಮಾರ್ಗೇಜ್ ಎಲ್ಲ ಒಟ್ಟಿಗೆ ಇರುವ ಮನೆಗೆ ಹತ್ತಿಪ್ಪತ್ತು ಪೌಂಡ್ ಜಾಸ್ತಿ ಕೊಟ್ಟಾದರೂ ನಿಶ್ಚಿಂತೆ ಬೇಕು. ಕೈಯಲ್ಲಿ ಸ್ವಲ್ಪ ಇಟ್ಟುಕೊಂಡವರು ಕಾದು ನೋಡಬಹುದು.

2026ರ ಏಪ್ರಿಲ್‌ನಿಂದ 150 ಪೌಂಡ್ ಇಳಿಯುತ್ತಂತೆ. ಈಗಲೇ ಫಿಕ್ಸ್ ಮಾಡಿಸಿದ್ರೆ ಅದು ತಪ್ಪಿಹೋಗುತ್ತಾ?

2025ರ ನವೆಂಬರ್ 26ರ ಬಜೆಟ್‌ನಲ್ಲಿ ಹೇಳಿದ ಮಾತು ಇದು. ಮನೆಗಳಿಗೆ ಶಾಖ ಕಾಯುವ ಹೊದಿಕೆ ಹಾಕಿಸುವ ಒಂದು ಯೋಜನೆಯನ್ನು ನಿಲ್ಲಿಸಿ, ಹಳೆಯ ಗಾಳಿ-ಸೌರ ವಿದ್ಯುತ್ ಸಬ್ಸಿಡಿಯ ಮುಕ್ಕಾಲು ಪಾಲನ್ನು ಬಿಲ್ಲಿನಿಂದ ತೆಗೆದು ಸರ್ಕಾರದ ಖಜಾನೆಗೆ ಹಾಕುತ್ತಾರೆ. 150 ಅನ್ನುವುದು ಸರಾಸರಿ, ಎಲ್ಲರ ಖಾತೆಗೂ ಬೀಳುವ ಚೆಕ್ ಅಲ್ಲ. ಇಳಿಯುವುದು ಹೆಚ್ಚಾಗಿ ಕರೆಂಟಿನ ಯೂನಿಟ್ ದರ, ಸ್ಟ್ಯಾಂಡಿಂಗ್ ಚಾರ್ಜ್ ಅಲ್ಲ. ಹಾಗಾಗಿ ಕರೆಂಟ್ ಜಾಸ್ತಿ ಬಳಸುವವರಿಗೆ ಜಾಸ್ತಿ ಲಾಭ.

ಫಿಕ್ಸ್‌ನಲ್ಲಿರುವವರಿಗೂ ಇದು ತಲುಪಬೇಕು ಅನ್ನುವುದು ಸರ್ಕಾರದ ನಿಲುವು. ಆದರೂ ಏಪ್ರಿಲ್ ಮುಂಚೆ ಸಹಿ ಹಾಕುವುದಾದರೆ, ಈ ದರದಲ್ಲಿ ಆ ಕಡಿತ ಆಗಲೇ ಸೇರಿದೆಯಾ, ಇಲ್ಲಾ ಏಪ್ರಿಲ್‌ನಲ್ಲಿ ಇಳಿಸುತ್ತೀರಾ ಅಂತ ಸಪ್ಲೈಯರ್ ಹತ್ತಿರ ಬರವಣಿಗೆಯಲ್ಲಿ ಕೇಳಿ. ಎರಡು ಸಲ ಯಾರೂ ಇಳಿಸುವುದಿಲ್ಲ, ಆದರೆ ಎರಡರಲ್ಲಿ ಒಂದೂ ಇಲ್ಲ ಅಂದರೆ ಓಡಿ.

ಒಂದು ವರ್ಷಕ್ಕಾ, ಎರಡು ವರ್ಷಕ್ಕಾ?

ವೀಸಾ, ಕೆಲಸ, ಬಾಡಿಗೆ ಯಾವುದಾದರೂ ಒಂದು ಅಲುಗಾಡುವಂತಿದ್ದರೆ ಒಂದು ವರ್ಷ ಸಾಕು. ಸ್ವಂತ ಮನೆ, ಎಕ್ಸಿಟ್ ಫೀ ಕಡಿಮೆ, ಎರಡು ವರ್ಷದ ದರ ಹೆಚ್ಚುಕಡಿಮೆ ಒಂದು ವರ್ಷದಷ್ಟೇ ಇದ್ದರೆ ಎರಡಕ್ಕೆ ಹೋಗಬಹುದು.

ಬಾಡಿಗೆ ಮನೆ ನಮ್ಮದು. ಲ್ಯಾಂಡ್‌ಲಾರ್ಡ್ ಒಪ್ಪಬೇಕಾ?

ಬಿಲ್ ನಿಮ್ಮ ಹೆಸರಲ್ಲಿದ್ದು ನೀವೇ ನೇರವಾಗಿ ಕಟ್ಟುತ್ತಿದ್ದರೆ ಸಪ್ಲೈಯರ್ ಆರಿಸುವ ಹಕ್ಕು ನಿಮ್ಮದು. ಒಪ್ಪಂದದಲ್ಲಿ ತಿಳಿಸಬೇಕು ಅಂತ ಬರೆದಿದ್ದರೆ ಒಂದು ಮಾತು ತಿಳಿಸಿ. ಬಾಡಿಗೆಯಲ್ಲೇ ಬಿಲ್ ಸೇರಿದ್ದರೆ ಆಯ್ಕೆ ಅವರದು. ಮನೆ ಬದಲಿಸುವಾಗ ಫಿಕ್ಸ್ ಜೊತೆಗೆ ಬರುತ್ತದಾ, ಇಲ್ಲದಿದ್ದರೆ ಎಕ್ಸಿಟ್ ಫೀ ಬೀಳುತ್ತದಾ ಅಂತ ಮೊದಲೇ ಕೇಳಿ. ಇದು ಸಪ್ಲೈಯರ್‌ನಿಂದ ಸಪ್ಲೈಯರ್‌ಗೆ ಬೇರೆ.

ಫಿಕ್ಸ್ ಕೊಟ್ಟ ಕಂಪನಿಯೇ ಮುಳುಗಿದ್ರೆ?

ಕರೆಂಟ್ ಹೋಗುವುದಿಲ್ಲ. ಆಫ್‌ಜೆಮ್ ನಿಮ್ಮನ್ನು ಇನ್ನೊಬ್ಬ ಸಪ್ಲೈಯರ್‌ಗೆ ಒಪ್ಪಿಸುತ್ತದೆ, ಜಮಾ ಇದ್ದ ದುಡ್ಡಿಗೂ ರಕ್ಷಣೆ ಇದೆ. ಫಿಕ್ಸ್ ದರ ಮಾತ್ರ ಅಲ್ಲಿಗೆ ಮುಗಿಯಿತು. ಒಪ್ಪಿಸಿದ ಮೇಲೆ ಮೀಟರ್ ಫೋಟೊ ತೆಗೆದು ಇಟ್ಟುಕೊಳ್ಳಿ, ಹೊಸಬರು ಖಾತೆ ತೆರೆಯುವವರೆಗೆ ಡೈರೆಕ್ಟ್ ಡೆಬಿಟ್ ರದ್ದು ಮಾಡಬೇಡಿ.

## ಇನ್ನೂ ಸ್ವಲ್ಪ ಆಳಕ್ಕೆ

ಸ್ಟ್ಯಾಂಡಿಂಗ್ ಚಾರ್ಜೇ ಇಲ್ಲದ ಪ್ಲಾನ್ ಇದೆಯಂತೆ, ನಿಜಾನಾ?

ನಿಜ, ಆದರೆ ಆ ದುಡ್ಡು ಎಲ್ಲೂ ಮಾಯ ಆಗುವುದಿಲ್ಲ. ಯೂನಿಟ್ ದರದೊಳಗೆ ಹೋಗಿ ಕೂರುತ್ತದೆ. ಕೆಲವರು ದಿನದ ಮೊದಲ ಒಂದೆರಡು ಯೂನಿಟ್‌ಗೆ ಮಾತ್ರ ಜಾಸ್ತಿ ಹಾಕುತ್ತಾರೆ, ಕೆಲವರು ಎಲ್ಲ ಯೂನಿಟ್‌ಗೂ. ಸಪ್ಲೈಯರ್‌ಗಳೆಲ್ಲ ಕಡಿಮೆ ಸ್ಟ್ಯಾಂಡಿಂಗ್ ಚಾರ್ಜ್‌ನ ಪ್ಲಾನ್ ಕೊಡಬೇಕು ಅಂತ ಆಫ್‌ಜೆಮ್ 2025ರಲ್ಲಿ ಪ್ರಸ್ತಾಪ ಮುಂದಿಟ್ಟಿತು.

ಸ್ಟ್ಯಾಂಡಿಂಗ್ ಚಾರ್ಜ್ ಸೊನ್ನೆ, ಯೂನಿಟ್‌ಗೆ 36 ಪೆನ್ಸ್ ಅಂತ ಊಹಿಸಿ. 2026ರ ಜನವರಿಯ ಕ್ಯಾಪ್‌ಗೆ ಹೋಲಿಸಿದರೆ ವರ್ಷಕ್ಕೆ 2,400 ಯೂನಿಟ್ ಒಳಗೆ ಬಳಸುವವರಿಗೆ ಇದು ಅಗ್ಗ. ಕೆಲಸದ ಮೇಲೆ ಊರೂರು ಸುತ್ತುವವರಿಗೆ, ಅರ್ಧ ವರ್ಷ ಬೆಂಗಳೂರಲ್ಲಿ ಇರುವವರಿಗೆ ಚೆನ್ನ. ಕರೆಂಟ್ ಹೀಟರ್ ಇಟ್ಟುಕೊಂಡ ಮನೆಗೆ ಇದು ಗುಂಡಿ.

ಅಡುಗೆಗೆ ಇಂಡಕ್ಷನ್ ಹಾಕಿಸಿ ಗ್ಯಾಸನ್ನೇ ತೆಗೆಸಿಬಿಟ್ರೆ ಹೇಗೆ?

ಗ್ಯಾಸಿನ ಸ್ಟ್ಯಾಂಡಿಂಗ್ ಚಾರ್ಜ್ ವರ್ಷಕ್ಕೆ 128 ಪೌಂಡ್ ಉಳಿಯುತ್ತದೆ ಅನ್ನುವ ಆಸೆ ಸಹಜ. ಆದರೆ ಬಾಯ್ಲರ್ ಗ್ಯಾಸಿನದಾದರೆ ಬರೀ ಒಲೆ ಬದಲಿಸಿ ಒಂದು ಪೆನ್ನಿಯೂ ಉಳಿಯುವುದಿಲ್ಲ. ಮೀಟರ್ ಇರುವವರೆಗೂ ಚಾರ್ಜ್ ಇರುತ್ತದೆ. ಹೀಟಿಂಗನ್ನೂ ಬದಲಿಸಿ ಮೀಟರ್ ತೆಗೆಸಬೇಕು.

ಒಂದು ಯೂನಿಟ್ ಗ್ಯಾಸ್ 5.93 ಪೆನ್ಸ್, ಕರೆಂಟ್ 27.69. ನಾಲ್ಕೂವರೆ ಪಟ್ಟಿಗಿಂತ ಜಾಸ್ತಿ. ಹಾಗಾಗಿ ಗ್ಯಾಸ್ ಬಿಟ್ಟು ಸಾದಾ ಕರೆಂಟ್ ಹೀಟರ್‌ಗೆ ಹೋದರೆ ಕೈ ಸುಡುತ್ತದೆ. ಹೀಟ್ ಪಂಪ್ ಬೇರೆ ಮಾತು. ಒಂದು ಯೂನಿಟ್ ಕರೆಂಟಿಗೆ ಮೂರರಷ್ಟು ಶಾಖ ಕೊಡುತ್ತದೆ, ಇಂಗ್ಲೆಂಡ್-ವೇಲ್ಸ್‌ನಲ್ಲಿ 7,500 ಪೌಂಡ್ ಅನುದಾನವೂ ಇದೆ. ಅಲ್ಲಿ ಗ್ಯಾಸಿನ ಸ್ಟ್ಯಾಂಡಿಂಗ್ ಚಾರ್ಜ್ ಉಳಿಯುವುದು ಲೆಕ್ಕಕ್ಕೆ ಬರುತ್ತದೆ.

ಅಡುಗೆಮನೆಯ ಕಡೆಯಿಂದ ಒಂದು ಎಚ್ಚರಿಕೆ: ಅಮ್ಮ ಕಳಿಸಿದ ಅಲ್ಯುಮಿನಿಯಂ ಕುಕ್ಕರ್ ಇಂಡಕ್ಷನ್ ಮೇಲೆ ಮಿಸುಕುವುದಿಲ್ಲ. ಎರಕದ ಕಬ್ಬಿಣದ ದೋಸೆ ಕಾವಲಿ ಚೆನ್ನಾಗಿ ಆಗುತ್ತದೆ, ತಳ ಸಮ ಇರಬೇಕು ಅಷ್ಟೇ. ಜೋಳದ ರೊಟ್ಟಿ ಬೆಂಕಿಯಲ್ಲಿ ಉಬ್ಬಿಸುವ ಸುಖ ಮಾತ್ರ ಹೋಗುತ್ತದೆ. ಅದಕ್ಕೆ ಲೆಕ್ಕ ಕಟ್ಟಲು ನನಗೆ ಬರುವುದಿಲ್ಲ.

ಅರ್ಧ ಗಂಟೆಗೊಂದು ರೇಟ್ ಇರೋ ಪ್ಲಾನ್ ಫಿಕ್ಸ್‌ಗಿಂತ ಒಳ್ಳೇದಾ?

ಆಕ್ಟೋಪಸ್ ಎಂಬ ಸಪ್ಲೈಯರ್‌ನ ಅಜೈಲ್ ಪ್ಲಾನ್ ಅಂಥದ್ದು. ಸ್ಮಾರ್ಟ್ ಮೀಟರ್ ಬೇಕೇ ಬೇಕು. ನಾಳೆಯ ದರ ಇವತ್ತು ಸಂಜೆ ಗೊತ್ತಾಗುತ್ತದೆ. ಗಾಳಿ ಜೋರಾಗಿ ಬೀಸಿದ ರಾತ್ರಿ ದರ ಸೊನ್ನೆಗಿಂತ ಕೆಳಗೆ ಹೋದದ್ದೂ ಉಂಟು. ಸಂಜೆ 4ರಿಂದ 7ರವರೆಗೆ ಮಾತ್ರ ಬಿಸಿ ಬಿಸಿ. ಮಕ್ಕಳು ಸ್ಕೂಲಿನಿಂದ ಬಂದು, ನಾವು ಸಾರಿಗೆ ಇಡುವ ಹೊತ್ತು ಅದೇ ತಾನೇ? ಎಲೆಕ್ಟ್ರಿಕ್ ಕಾರು, ಮನೆಯಲ್ಲಿ ಬ್ಯಾಟರಿ, ರಾತ್ರಿ ಓಡುವ ವಾಷಿಂಗ್ ಮಷಿನ್ ಇದ್ದವರಿಗೆ ಲಾಭ. ಕಾರು ಮಾತ್ರ ಇದ್ದರೆ ರಾತ್ರಿ ದರ ಕಡಿಮೆ ಇರುವ ಇವಿ ಪ್ಲಾನ್‌ಗಳನ್ನೇ ಮೊದಲು ನೋಡಿ. ಇಲ್ಲೂ ಸ್ಟ್ಯಾಂಡಿಂಗ್ ಚಾರ್ಜ್ ಇದೆ, ಮರೆಯಬೇಡಿ.

ಪ್ರಿಪೇಮೆಂಟ್ ಮೀಟರ್ ನಮ್ಮದು. ಬೇಸಿಗೇಲಿ ಗ್ಯಾಸ್ ಮುಟ್ಟೇ ಇಲ್ಲ, ಅಕ್ಟೋಬರ್‌ನಲ್ಲಿ ಟಾಪ್ ಅಪ್ ಮಾಡಿದ ಕೂಡಲೇ ದುಡ್ಡು ಮಾಯ!

ಮುಟ್ಟದಿದ್ದರೂ ಸಾಲ ಬೆಳೆಯುತ್ತಾ ಇತ್ತು. 2026ರ ಜನವರಿಯ ದರ ಹಿಡಿದರೆ ದಿನಕ್ಕೆ 35 ಪೆನ್ಸ್. ನಾಲ್ಕು ತಿಂಗಳಿಗೆ ಹತ್ತಿರತ್ತಿರ 43 ಪೌಂಡ್. ಟಾಪ್ ಅಪ್ ಮಾಡಿದಾಗ ಮೀಟರ್ ಮೊದಲು ಅದನ್ನು ನುಂಗುತ್ತದೆ. ಬೇಸಿಗೆಯಲ್ಲೂ ವಾರಕ್ಕೆ ಎರಡೂವರೆ ಪೌಂಡ್ ಹಾಕುತ್ತಾ ಬಂದರೆ ಚಳಿಗಾಲದ ಮೊದಲ ದಿನ ಈ ಆಘಾತ ಇರುವುದಿಲ್ಲ.

ಅಪ್ಪ-ಅಮ್ಮ ಆರು ತಿಂಗಳಿಗೆ ಬರ್ತಾರೆ. ಬಳಕೆ ಏರುತ್ತೆ. ಫಿಕ್ಸ್ ಲೆಕ್ಕ ಹೇಗೆ?

ಏಪ್ರಿಲ್‌ನಿಂದ ಸೆಪ್ಟೆಂಬರ್ ಆದರೆ ಅಷ್ಟೇನೂ ಬದಲಾಗದು. ಅಕ್ಟೋಬರ್‌ನಲ್ಲಿ ಬಂದರೆ ಹೀಟಿಂಗ್ ದಿನವಿಡೀ. ದಾವಣಗೆರೆಯ ಬಿಸಿಲಲ್ಲಿ ಬೆಳೆದ ಜೀವಕ್ಕೆ 18 ಡಿಗ್ರಿ ಸಾಕು ಅಂತ ಹೇಳಲು ಯಾರಿಗೆ ಬಾಯಿ ಬರುತ್ತದೆ? ನಮ್ಮ ಮನೆಯಲ್ಲಿ ಮಾಮೂಲಿ ವರ್ಷದಲ್ಲೇ ಗ್ಯಾಸಿನ ಮುಕ್ಕಾಲು ಪಾಲು ಅಕ್ಟೋಬರ್‌ನಿಂದ ಮಾರ್ಚ್ ಒಳಗೆ ಖರ್ಚಾಗುತ್ತದೆ. ಅಮ್ಮ ಬಂದ ಚಳಿಗಾಲ ಅದು ಇನ್ನೂ ಮೂರನೇ ಒಂದು ಪಾಲು ಏರಿತು.

ಅಂಥ ವರ್ಷ ಹಳೆಯ ಯೂನಿಟ್ ಬಿಟ್ಟು ಏರಿಸಿದ ಅಂದಾಜಿನಲ್ಲಿ ಹೋಲಿಸಿ. ಗ್ಯಾಸಿನ ಯೂನಿಟ್ ದರ ಕಡಿಮೆ ಇರುವ ಫಿಕ್ಸ್‌ಗೆ ಸ್ಟ್ಯಾಂಡಿಂಗ್ ಚಾರ್ಜ್ ತುಸು ಜಾಸ್ತಿ ಆದರೂ ಆಗ ಬೆಲೆ ಬರುತ್ತದೆ.

ಎಲ್ಲ ಸರಿ, ನೀವೇನು ಮಾಡಿದ್ರಿ?

ನಮ್ಮದು ರೆಡಿಂಗ್‌ನಲ್ಲಿ ಮೂರು ಬೆಡ್‌ರೂಮಿನ ಸೆಮಿ (ಒಂದು ಗೋಡೆ ಪಕ್ಕದ ಮನೆಗೆ ಅಂಟಿದ ಮನೆ). ಕರೆಂಟ್ 3,100 ಯೂನಿಟ್, ಗ್ಯಾಸ್ 10,800. ಡಿಸೆಂಬರ್‌ನಲ್ಲಿ ಒಂದು ಭಾನುವಾರ ಕಾಫಿ ಕುಡಿಯುತ್ತಾ ಐದು ಫಿಕ್ಸ್‌ಗಳನ್ನು ಹಾಳೆಯಲ್ಲಿ ಬರೆದೆ. ದರ ಹೋಲಿಸುವ ವೆಬ್‌ಸೈಟ್ ಮೊದಲ ಸ್ಥಾನದಲ್ಲಿ ತೋರಿಸಿದ್ದು ನಮ್ಮ ಲೆಕ್ಕದಲ್ಲಿ ಮೂರನೆಯದಾಯಿತು. ಎಕ್ಸಿಟ್ ಫೀ ಇಲ್ಲದ, ಒಂದು ವರ್ಷದ, ಸ್ಟ್ಯಾಂಡಿಂಗ್ ಚಾರ್ಜ್ ಕ್ಯಾಪ್‌ಗಿಂತ ಮೇಲೆ ಹೋಗದ ಒಂದನ್ನು ಹಿಡಿದೆ. ಮುಗಿಯುವ 49 ದಿನ ಮುಂಚಿನ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದೇನೆ. ಗಂಡ ಅದರ ಪಕ್ಕದಲ್ಲೇ ಬಾಯ್ಲರ್ ಸರ್ವಿಸ್ ಅಂತ ಬರೆದಿದ್ದಾರೆ, ಕಳೆದ ವರ್ಷ ಮರೆತಿದ್ದರು.